ಯಂತ್ರ ಬಂತು, ಕೈ ಎಲ್ಲಿ?

ನಮ್ಮನ್ನಾಳುವವರಿಗೆ ಯಂತ್ರವೆಂದರೆ ಬಹಳ ಪ್ರೀತಿ. ಯಂತ್ರ ಬಂದಾಗ ರಿಬ್ಬನ್ನು ಕತ್ತರಿಸಬಹುದು, ಹಾರ ಹಾಕಿಸಿಕೊಳ್ಳಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಆ ಯಂತ್ರವನ್ನು ನಡೆಸುವ ಕೈಯನ್ನು ತಯಾರು ಮಾಡುವ ಕೆಲಸಕ್ಕೆ ರಿಬ್ಬನ್ನಿಲ್ಲ, ಹಾರವಿಲ್ಲ, ಕಲ್ಲಿಲ್ಲ. ಆದ್ದರಿಂದ ಆ ಕೆಲಸ ಯಾವ ಮಂತ್ರಿಗೂ ಬೇಡವಾಗಿದೆ. ಇದರ ಬೆಲೆಯನ್ನು ತೆರುತ್ತಿರುವವರು ಯಾರು? ಮಿಲ್ಲಿನಲ್ಲಿ ಪಾಳಿ ಮುಗಿಸಿ ಮನೆಗೆ ಬಂದು ಒಲೆ ಹೊತ್ತಿಸುವ ಹೆಂಗಸು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಲೆಕ್ಕ ಬರೆಯುವ ಹೆಂಗಸು. ಈ ವಾರ ನಾವು ಬರೆಯಹೊರಟಿರುವುದು ಅವರ ಎದೆಯಲ್ಲಿ ಕಾಣಿಸಿಕೊಳ್ಳುವ ಗಂಟಿನ ವಿಷಯ. ನಾಚಿಕೆಯ ಮಾತೆಂದು ಯಾರೂ ಪತ್ರಿಕೆಯನ್ನು ಮಡಿಚಿಡಬಾರದು. ಇಲ್ಲಿ ನಾಚಿಕೆಪಡಬೇಕಾದವರು ಬೇರೆಯೇ ಇದ್ದಾರೆ.

ನಮ್ಮ ಬೀದಿಯಲ್ಲಿ ನೂಲಿನ ಮಿಲ್ಲಿನ ವೈಂಡಿಂಗ್ ವಿಭಾಗದಲ್ಲಿ ದುಡಿಯುವ ಒಬ್ಬ ತಾಯಿ ಇದ್ದಾರೆ. ವಯಸ್ಸು ನಲವತ್ತೆರಡು. ಸ್ನಾನ ಮಾಡುವಾಗ ಎದೆಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ತಾಗಿತು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಆಮೇಲೆ ಅರ್ಧ ದಿನದ ಪಗಾರ ಬಿಟ್ಟು ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯರು ಗಂಟನ್ನು ಮುಟ್ಟಿ ನೋಡಿ, ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದರು. ಹೊರಗಿನ ಸೆಂಟರಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದ ರಿಪೋರ್ಟನ್ನು ಆ ತಾಯಿ ನನ್ನ ಮುಂದಿಟ್ಟರು.

"ಅಣ್ಣಾ, ಇಂಗ್ಲಿಷಿನಲ್ಲಿದೆ. ಒಳ್ಳೇದೋ ಕೆಟ್ಟದ್ದೋ, ಅಷ್ಟು ಓದಿ ಹೇಳಿ ಸಾಕು."

ಓದಿದೆ. ಗಂಟಿನ ಅಳತೆ ಇರಲಿಲ್ಲ. ಎದೆಯ ಯಾವ ಭಾಗದಲ್ಲಿದೆ ಎಂಬುದಿರಲಿಲ್ಲ. ಕಂಕುಳನ್ನು ನೋಡಿದ ಗುರುತೇ ಇರಲಿಲ್ಲ. ಎರಡು ಸಾಲು ಏನೋ ಬರೆದು ಕೊನೆಗೆ 'ಕ್ಲಿನಿಕಲ್ ಕೋರಿಲೇಷನ್ ಸಜೆಸ್ಟೆಡ್' ಎಂದಿತ್ತು. ಅಂದರೆ, ಕೈಯಿಂದ ಪರೀಕ್ಷಿಸುವ ವೈದ್ಯರೇ ತಾಳೆ ಹಾಕಿ ನೋಡಿಕೊಳ್ಳಲಿ ಎಂದರ್ಥ. ಮುಟ್ಟಿ ನೋಡಿದವರು ತಿಳಿಯದೆ ಸ್ಕ್ಯಾನಿಂಗಿಗೆ ಕಳಿಸಿದರು. ಸ್ಕ್ಯಾನಿಂಗಿನವರು ತಿಳಿಯದೆ ಮುಟ್ಟಿ ನೋಡುವವರ ಬಳಿಗೆ ಅಟ್ಟಿದರು. ನಡುವೆ ನಿಂತ ಹೆಂಗಸಿಗೆ ನಾನು ಏನು ಓದಿ ಹೇಳಲಿ? ಇನ್ನೆರಡು ತಿಂಗಳು ಕಳೆದ ಮೇಲೆ ಸಾಲ ಮಾಡಿ ಬೆಂಗಳೂರಿಗೆ ಹೋದಾಗ, ಕೆಲಸ ಬಲ್ಲ ಒಬ್ಬ ವೈದ್ಯೆ ಕಾಲು ಗಂಟೆಯಲ್ಲಿ ಎರಡು ಎದೆಯನ್ನೂ ಕಂಕುಳನ್ನೂ ನೋಡಿ, ಅಳತೆ ಬರೆದು, ಅಂದೇ ಸೂಜಿ ಹಾಕಿ ತುಣುಕು ತೆಗೆದರು. ಕ್ಯಾನ್ಸರ್. ಆ ಹೊತ್ತಿಗೆ ಅದು ಕಂಕುಳಿಗೆ ಇಳಿದಿತ್ತು. ಆ ತಾಯಿ ಬದುಕಿದ್ದಾರೆ, ಚಿಕಿತ್ಸೆ ನಡೆದಿದೆ. ಕಳೆದುಹೋದ ಆ ತಿಂಗಳುಗಳನ್ನು ಅವರಿಗೆ ಯಾರು ತಂದುಕೊಡುತ್ತಾರೆ?

ಮೊದಲು ಸ್ಕ್ಯಾನ್ ಮಾಡಿದ ವೈದ್ಯರನ್ನು ಬೈದು ಸುಮ್ಮನಾಗುವುದು ಸುಲಭ. ಹಾಗೆ ಮಾಡಿದರೆ ನಿಜವಾದ ಅಪರಾಧಿ ನುಣುಚಿಕೊಳ್ಳುತ್ತಾನೆ. ಆ ಮನುಷ್ಯರು ಬಸುರಿಯ ಹೊಟ್ಟೆಯನ್ನು ನೋಡಲು ಕಲಿತವರು, ಮೂತ್ರಪಿಂಡದ ಕಲ್ಲನ್ನು ನೋಡಲು ಕಲಿತವರು. ಎದೆಯ ಮೇಲೆ ಪ್ರೋಬು ಹಿಡಿಯುವುದನ್ನು ಅವರಿಗೆ ಯಾರೂ ಕೈ ಹಿಡಿದು ಕಲಿಸಿರಲಿಲ್ಲ.

ಲೆಕ್ಕ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ನೇ ವರ್ಷಕ್ಕೆ ಮಾಡಿದ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಸ್ತನದ ಕ್ಯಾನ್ಸರ್ ತಗುಲಿತು. ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ದಿನಕ್ಕೆ 260ಕ್ಕೂ ಮಿಕ್ಕಿ ಹೆಣಗಳು. ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಪಶ್ಚಿಮದ ದೇಶಗಳ ಹೆಂಗಸರಿಗಿಂತ ನಮ್ಮವರಿಗೆ ಇದು ಸಣ್ಣ ವಯಸ್ಸಿನಲ್ಲೇ ಬರುತ್ತದೆ. ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ತಾಯಿ ಹಾಸಿಗೆ ಹಿಡಿಯುತ್ತಾಳೆ.

2016ರಲ್ಲಿ ಕೇಂದ್ರ ಸರ್ಕಾರ ಒಂದು ಮಾರ್ಗಸೂಚಿ ಹೊರಡಿಸಿತು. ಮೂವತ್ತು ವರ್ಷ ದಾಟಿದ ಹೆಂಗಸರ ಎದೆಯನ್ನು ಆರೋಗ್ಯ ಕಾರ್ಯಕರ್ತೆಯರು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕೆಂದು ಅದರಲ್ಲಿ ಬರೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನನ್ನು ಕಂಡಿತು? 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಇಂಥ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, 0.9 ಅಷ್ಟೆ. ಕಾಗದದ ಮೇಲೆ ಕೋಟೆ, ನೆಲದ ಮೇಲೆ ಬಯಲು.

2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಕೋಲಾರದಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ತಪಾಸಣೆ ಮಾಡುತ್ತೇವೆ ಎಂದಿತು. ಒಳ್ಳೆಯದು, ನಾವು ಬೇಡವೆನ್ನುವುದಿಲ್ಲ. ಆದರೆ ಒಂದು ಪ್ರಶ್ನೆ. ಆಶಾ ಕಾರ್ಯಕರ್ತೆ ಮನೆಗೆ ಬಂದು "ಅಕ್ಕಾ, ಇಲ್ಲಿ ಗಂಟಿದೆ, ತೋರಿಸಿಕೊಳ್ಳಿ" ಎಂದು ಹೇಳಿ ಹೋದ ಮರುದಿನ ಆ ಅಕ್ಕ ಎಲ್ಲಿಗೆ ಹೋಗಬೇಕು? ತಾಲೂಕು ಆಸ್ಪತ್ರೆಯಲ್ಲಿ ಆ ಗಂಟಿನ ಮೇಲೆ ಪ್ರೋಬು ಇಟ್ಟು, ಇದು ನೀರುಗುಳ್ಳೆ, ಇದು ಮೆದುಗಂಟು, ಇದಕ್ಕೆ ಸೂಜಿ ಹಾಕಲೇಬೇಕು ಎಂದು ಹೇಳಬಲ್ಲ ಕೈ ಇದೆಯೆ? ಇಲ್ಲದಿದ್ದರೆ ಈ ತಪಾಸಣೆ ಹೆಂಗಸಿಗೆ ಭಯವನ್ನು ಮಾತ್ರ ಹಂಚುತ್ತದೆ.

ಇದು ಕಾರ್ಖಾನೆಯಿಂದ ಬಂದ ವಿದ್ಯೆ

ಅಲ್ಟ್ರಾಸೌಂಡ್ ಎಂದರೆ ದೊಡ್ಡವರ ವಿದ್ಯೆ, ಬಡವರಿಗೆ ಅರ್ಥವಾಗದ್ದು ಎಂದು ಹೆದರಿಸುವವರಿದ್ದಾರೆ. ಇದರ ಹುಟ್ಟನ್ನು ನೋಡಿ. ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಜಾನ್ ವೈಲ್ಡ್ ಎಂಬ ಶಸ್ತ್ರವೈದ್ಯ, ವಿಮಾನ ಚಾಲಕರಿಗೆ ರೇಡಾರ್ ಕಲಿಸಲು ನೌಕಾಪಡೆ ಇಟ್ಟುಕೊಂಡಿದ್ದ ಯಂತ್ರದ ಮೇಲೆ ತನ್ನ ಪ್ರಯೋಗ ಶುರು ಮಾಡಿದ. ಜಾನ್ ರೀಡ್ ಎಂಬ ಎಂಜಿನಿಯರನೊಡನೆ ಸೇರಿ 1952ರ ಹೊತ್ತಿಗೆ ಶಬ್ದದ ಅಲೆಯಿಂದ ಗಂಟಿನ ಚಿತ್ರ ತೆಗೆದು ತೋರಿಸಿದ. ಯಾವ ಅಂಗದ ಗಂಟು? ಸ್ತನದ್ದೇ. 1955ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಎಂಬ ವೈದ್ಯ, ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಹೊತ್ತು ಒಂದು ಬಾಯ್ಲರ್ ಕಾರ್ಖಾನೆಗೆ ಹೋದ. ಅಲ್ಲಿ ಕಾರ್ಮಿಕರು ಲೋಹದ ಬೆಸುಗೆಯೊಳಗಿನ ಬಿರುಕನ್ನು ಪತ್ತೆಹಚ್ಚಲು ಬಳಸುತ್ತಿದ್ದ ಶಬ್ದಯಂತ್ರದಿಂದಲೇ ಆ ಗೆಡ್ಡೆಗಳನ್ನು ಪರೀಕ್ಷಿಸಿದ. 1958ರಲ್ಲಿ ಟಾಮ್ ಬ್ರೌನ್ ಎಂಬ ಎಂಜಿನಿಯರನ ಜೊತೆಗೂಡಿ ಲೋಕಕ್ಕೆ ಸಾರಿದ. ಕಾರ್ಖಾನೆಯ ನೆಲದಿಂದ ಎದ್ದ ವಿದ್ಯೆ ಇಂದು ಕಾರ್ಖಾನೆಯ ಹೆಂಗಸಿಗೇ ದಕ್ಕುತ್ತಿಲ್ಲ!

ಯಂತ್ರ ಮಾಡುವ ಕೆಲಸ ಇಷ್ಟೆ: ಪ್ರೋಬಿನಿಂದ ಸೆಕೆಂಡಿಗೆ ಒಂದು ಕೋಟಿಗೂ ಮಿಕ್ಕಿದ ಕಂಪನದ, ನಮ್ಮ ಕಿವಿಗೆ ಕೇಳಿಸದ ಶಬ್ದ ಎದೆಯೊಳಗೆ ಹೋಗುತ್ತದೆ, ತಡೆ ಸಿಕ್ಕಲ್ಲಿ ಮರುಧ್ವನಿಯಾಗಿ ಹಿಂತಿರುಗುತ್ತದೆ, ಪರದೆಯ ಮೇಲೆ ಚಿತ್ರವಾಗುತ್ತದೆ. ಇದರಲ್ಲಿ ಎಕ್ಸ್‌ರೇ ಇಲ್ಲ. ಆದರೆ ಪರದೆಯ ಮೇಲೆ ಏನು ಬೀಳುತ್ತದೆ ಎಂಬುದು ಹಿಡಿದ ಕೈಯನ್ನು ಅವಲಂಬಿಸಿದೆ. ಮಗ್ಗ ಒಂದೇ ಆದರೂ ಬಲ್ಲವನ ಕೈಯಲ್ಲಿ ಬಟ್ಟೆ, ಅರಿಯದವನ ಕೈಯಲ್ಲಿ ಕಡಿದ ಎಳೆ. ಇದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಬಲ್ಲ ಕೈ ಏನು ಮಾಡುತ್ತದೆ? ಹೆಂಗಸನ್ನು ತುಸು ಓರೆಯಾಗಿ ಮಲಗಿಸಿ, ಆ ಕಡೆಯ ತೋಳನ್ನು ತಲೆಯ ಮೇಲಕ್ಕೆ ಎತ್ತಿಸುತ್ತದೆ. ಎದೆ ಚಪ್ಪಟೆಯಾಗಿ ಹರಡಲಿ ಎಂದು. ಗಂಟನ್ನು ಮೊದಲು ಬೆರಳಿನಿಂದ ಹುಡುಕಿ ಅದರ ಮೇಲೆಯೇ ಪ್ರೋಬು ಇಡುತ್ತದೆ. ಪ್ರೋಬನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮತ್ತೆ ನೋಡುತ್ತದೆ. ಒಂದು ಕಡೆಯಿಂದ ಗಂಟಿನಂತೆ ಕಂಡದ್ದು ಇನ್ನೊಂದು ಕಡೆಯಿಂದ ಬರೀ ಕೊಬ್ಬಿನ ಎಳೆಯಾಗಿ ಚಾಚಿಕೊಳ್ಳಬಹುದು. ಪಕ್ಕೆಲುಬಿನ ನೆರಳನ್ನು ಗಂಟೆಂದು ಭ್ರಮಿಸುವುದಿಲ್ಲ. ಒಳಗೆ ಪೂರ್ತಿ ಕಪ್ಪಾಗಿ, ಗೋಡೆ ತೆಳ್ಳಗಿದ್ದು, ಹಿಂದೆ ಬೆಳಕು ಹೆಚ್ಚಿದರೆ ನೀರುಗುಳ್ಳೆ. ಅಂಚು ನುಣುಪಾಗಿ, ಮೊಟ್ಟೆಯಾಕಾರದಲ್ಲಿ, ಚರ್ಮಕ್ಕೆ ಸಮನಾಗಿ ಮಲಗಿದ್ದರೆ ಬಹುಮಟ್ಟಿಗೆ ನಿರಪಾಯ. ಅಂಚು ಮುಳ್ಳುಮುಳ್ಳಾಗಿ, ಅಗಲಕ್ಕಿಂತ ಎತ್ತರ ಹೆಚ್ಚಾಗಿ, ಹಿಂದೆ ನೆರಳು ಬಿದ್ದರೆ ಅನುಮಾನ. 1995ರಲ್ಲಿ ಅಮೆರಿಕದ ಸ್ಟಾವ್ರೋಸ್ ಮತ್ತು ಸಂಗಡಿಗರು 750 ಗಂಟುಗಳನ್ನು ಪರೀಕ್ಷಿಸಿ, ಇಂಥ ಗುರುತುಗಳನ್ನು ಕಟ್ಟುನಿಟ್ಟಾಗಿ ಹಿಡಿದರೆ ನಿರಪಾಯದ ಗಂಟುಗಳನ್ನು ಬೇರೆ ಮಾಡಬಹುದೆಂದು ತೋರಿಸಿದರು. ನಂತರ ಅಮೆರಿಕದ ರೇಡಿಯಾಲಜಿ ಕಾಲೇಜು 'ಬೈರಾಡ್ಸ್' ಎಂಬ ದರ್ಜೆಯ ಪಟ್ಟಿಯನ್ನು 2003ರಲ್ಲಿ ಅಲ್ಟ್ರಾಸೌಂಡಿಗೂ ವಿಸ್ತರಿಸಿತು. ಎರಡನೆಯ ದರ್ಜೆಯೆಂದರೆ ನಿರಪಾಯ; ಮೂರೆಂದರೆ ಆರು ತಿಂಗಳಿಗೆ ಮತ್ತೆ ನೋಡಿ; ನಾಲ್ಕು, ಐದೆಂದರೆ ಸೂಜಿ ಹಾಕಿ ತುಣುಕು ತೆಗೆಯಿರಿ. ಇಷ್ಟು ಬರೆದಿದ್ದರೆ ನಮ್ಮ ಬೀದಿಯ ತಾಯಿಗೆ ನಾನು ಓದಿ ಹೇಳಬಹುದಾಗಿತ್ತು.

ಸೂಜಿಯ ಕೆಲಸವೂ ಹಾಗೆಯೇ. ನಮ್ಮ ವರ್ತಕರು ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ಇಡೀ ಚೀಲದ ಗುಣ ಹೇಳುತ್ತಾರೆ. ಪರದೆಯ ಮೇಲೆ ಸೂಜಿಯ ತುದಿಯನ್ನು ಕಣ್ಣಾರೆ ನೋಡುತ್ತ ಗಂಟಿನೊಳಗಿಂದ ತುಣುಕು ತೆಗೆಯುವುದು ಅಂಥದೇ ಕೌಶಲ. ಇದನ್ನು ಕಲಿಸಲು ಕೋಟಿ ರೂಪಾಯಿಯ ಬೊಂಬೆ ಬೇಡ. ಕೋಳಿಮಾಂಸದೊಳಗೆ ಆಲಿವ್ ಕಾಯಿಗಳನ್ನು ಹುದುಗಿಸಿಟ್ಟು ಅದರ ಮೇಲೆ ವೈದ್ಯರ ಕೈ ಪಳಗಿಸುವ ಪದ್ಧತಿ ವೈದ್ಯಶಾಲೆಗಳಲ್ಲಿ ಬಳಕೆಯಲ್ಲಿದೆ. ಕೊರತೆ ಇರುವುದು ಹಣದ್ದಲ್ಲ, ಮನಸ್ಸಿನದು.

ಕಾಯಿದೆಯ ಪಠ್ಯದಲ್ಲಿ ಎದೆ ಇಲ್ಲ

ಹೆಣ್ಣು ಭ್ರೂಣದ ಹತ್ಯೆಯನ್ನು ತಡೆಯಲು 1994ರಲ್ಲಿ ಕಾಯಿದೆ ಬಂತು, 1996ರಿಂದ ಜಾರಿಯಾಯಿತು. ಆ ಕಾಯಿದೆ ಬೇಕು, ಇನ್ನೂ ಬಿಗಿಯಾಗಿ ಬೇಕು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಕಳ್ಳ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲವನ್ನು ಪೊಲೀಸರು ಹಿಡಿದದ್ದನ್ನು ಯಾರೂ ಮರೆತಿಲ್ಲ. ಆದರೆ ಅದೇ ಕಾಯಿದೆಯ ಕೆಳಗೆ 2014ರಲ್ಲಿ ಸರ್ಕಾರ ತರಬೇತಿಯ ನಿಯಮಗಳನ್ನು ಮಾಡಿತು. ಎಂ.ಬಿ.ಬಿ.ಎಸ್. ವೈದ್ಯರು ಸ್ಕ್ಯಾನಿಂಗ್ ಮಾಡಬೇಕಾದರೆ ಆರು ತಿಂಗಳ, 300 ಗಂಟೆಗಳ ತರಬೇತಿ ಪಡೆಯಬೇಕು. ಆ ಪಾಠಕ್ರಮದ ಹೆಸರೇ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಂಗಿನ ಮೂಲಪಾಠ ಎಂದು. ಗರ್ಭ ಅದರಲ್ಲಿದೆ, ಎದೆಗೆ ಜಾಗ ಎಲ್ಲಿದೆ?

ಬಂಧುಗಳೆ, ಇದರ ಅರ್ಥವನ್ನು ಗಮನಿಸಿ. ಹೆಂಗಸು ಬಸುರಿಯಾಗಿದ್ದಾಗ ಅವಳ ಹೊಟ್ಟೆಯ ಮೇಲೆ ಸರ್ಕಾರಕ್ಕೂ ಸಮಾಜಕ್ಕೂ ಕಣ್ಣಿದೆ. ಅಲ್ಲಿ ವಂಶ ಇದೆಯಲ್ಲ! ಹೆತ್ತು, ಹಾಲೂಡಿಸಿ ಮುಗಿಸಿದ ಎದೆಯನ್ನು ಯಾರು ಕೇಳುತ್ತಾರೆ? ಹೆಣ್ಣು ಯಾವ ಜಾತಿಯವಳಾದರೂ ಹಿಂದುಳಿದವಳೇ ಎಂದು ಲೋಹಿಯಾ ಎಣಿಸಿದ್ದು ಸುಮ್ಮನೆ ಅಲ್ಲ. ಆ ಎಣಿಕೆಗೆ ಪುರಾವೆ ಬೇಕಾದವರು ಈ ಪಾಠಕ್ರಮವನ್ನು ನೋಡಲಿ.

ಸರ್ಕಾರ ಕಲಿಸದಿದ್ದ ಮೇಲೆ ಕಲಿಸುವವರು ಯಾರು? ವ್ಯಾಪಾರಿಗಳು. ಯಂತ್ರ ಮಾರುವವರ ಆಶ್ರಯದಲ್ಲಿ ದೊಡ್ಡ ನಗರದ ಹೋಟೆಲಿನಲ್ಲಿ ಶನಿವಾರ, ಭಾನುವಾರ ಶಿಬಿರ. ದೊಡ್ಡ ಶುಲ್ಕ, ದೊಡ್ಡ ಊಟ, ಗೋಡೆಯ ಮೇಲೆ ಚಿತ್ರ, ಇಂಗ್ಲಿಷಿನಲ್ಲಿ ಭಾಷಣ. ಒಂದು ಯಂತ್ರದ ಸುತ್ತ ಇಪ್ಪತ್ತು ಜನ ಕತ್ತು ಚಾಚಿ ನಿಂತರೆ ಪ್ರೋಬು ಎಷ್ಟು ಜನರ ಕೈಗೆ ಬಂದೀತು? ಎಷ್ಟು ನಿಮಿಷ? ಭಾಷಣ ಕೇಳಿ ಮಗ್ಗ ನಡೆಸಲು ಕಲಿತ ನೇಕಾರ ನಮ್ಮ ಊರಿನಲ್ಲಿ ಒಬ್ಬನಾದರೂ ಇದ್ದಾನೆಯೆ? ಜಾಬರ್ ಪಕ್ಕದಲ್ಲಿ ನಿಂತು, ಕಡಿದ ಎಳೆಯನ್ನು ನೂರು ಸಲ ನಮ್ಮ ಕೈಯಿಂದಲೇ ಕಟ್ಟಿಸಿದ ಮೇಲೆ ಅಲ್ಲವೆ ಕೆಲಸ ಬಂದದ್ದು?

ತಕರಾರುಗಳಿಗೆ ಉತ್ತರ

ಬಲ್ಲವರು ಎನಿಸಿಕೊಂಡವರು ಮೂರು ತಕರಾರು ತೆಗೆಯುತ್ತಾರೆ.

ಮೊದಲನೆಯದು: "ಮ್ಯಾಮೊಗ್ರಫಿ ಇರುವಾಗ ಇದೇಕೆ?" ಆರೋಗ್ಯವಾಗಿರುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಲ್ಟ್ರಾಸೌಂಡ್ ಮಾಡಿ ಎಂದು ನಾವು ಕೇಳುತ್ತಿಲ್ಲ. ಹಾಗೆ ಮಾಡಿದರೆ ಇಲ್ಲದ ಭಯ, ಬೇಡದ ಸೂಜಿ ಹೆಚ್ಚುತ್ತವೆಂಬುದು ನಮಗೂ ಗೊತ್ತು. ಗಂಟು ಕೈಗೆ ಸಿಕ್ಕಿರುವ ಹೆಂಗಸಿನ ಮಾತು ಬೇರೆ. ಸಣ್ಣ ವಯಸ್ಸಿನವರ ಎದೆ ದಟ್ಟವಾಗಿರುತ್ತದೆ. ಮ್ಯಾಮೊಗ್ರಫಿಯ ಚಿತ್ರದಲ್ಲಿ ಗಂಟು ಆ ಬಿಳುಪಿನಲ್ಲೇ ಅಡಗಿಬಿಡಬಹುದು. ಅಂಥವರಿಗೆ ಮೊದಲು ಅಲ್ಟ್ರಾಸೌಂಡ್ ಎಂಬುದು ಶ್ರೀಮಂತ ದೇಶಗಳಲ್ಲೂ ಒಪ್ಪಿದ ಪದ್ಧತಿ. ವಯಸ್ಸಾದವರಿಗೆ ಎರಡೂ ಬೇಕು.

ಎರಡನೆಯದು: "ರೇಡಿಯಾಲಜಿ ತಜ್ಞರೇ ಮಾಡಬೇಕು, ಉಳಿದವರು ಮಾಡಿದರೆ ತಪ್ಪಾಗುತ್ತದೆ." ತಜ್ಞರು ಪ್ರತಿ ತಾಲೂಕಿನಲ್ಲಿ ಇದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಆಫ್ರಿಕದ ರುವಾಂಡ ನಮಗಿಂತ ಬಡ ದೇಶ. ಅಲ್ಲಿ ಉತ್ತರದ ಗುಡ್ಡಗಾಡಿನ ಬುಟಾರೊ ಎಂಬಲ್ಲಿ 2012ರಲ್ಲಿ ಸರ್ಕಾರಿ ಕ್ಯಾನ್ಸರ್ ಕೇಂದ್ರ ತೆರೆಯಿತು. ಬಾಸ್ಟನ್ ನಗರದ ತಜ್ಞರು ಬಂದು ಅಲ್ಲಿನ ಸಾಮಾನ್ಯ ವೈದ್ಯರಿಗೂ ದಾದಿಯರಿಗೂ ಎದೆಯ ಅಲ್ಟ್ರಾಸೌಂಡನ್ನು ಕೈ ಹಿಡಿದು ಕಲಿಸಿದರು. ರೇಡಿಯಾಲಜಿ ಓದದವರೂ ಕಲಿಯಬಲ್ಲರೆಂದು ಅಲ್ಲಿ ಕಂಡುಬಂತು. ರುವಾಂಡದ ದಾದಿಗೆ ಸಾಧ್ಯವಾದದ್ದು ನಮ್ಮ ತಾಲೂಕಿನ ವೈದ್ಯರಿಗೆ ಅಸಾಧ್ಯವೆ?

ಕಲಿತ ಕೈಯ ಬೆಲೆಗೆ ಸಾಕ್ಷಿ ಬೇಕಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿದರು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಒಂದು ಪಾಲಿನವರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆಗೊಳಗಾದವರಲ್ಲಿ ಬಲಿತ ಹಂತದ ರೋಗ ಕಡಿಮೆ. ಐವತ್ತು ದಾಟಿದವರಲ್ಲಿ ಸ್ತನದ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆ. ಐವತ್ತರ ಒಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತೇವೆ. ಹಾಗಿದ್ದರೂ ಈ ಪಾಠ ಉಳಿಯುತ್ತದೆ: ಕ್ರಮವಾಗಿ ಕಲಿಸಿದರೆ ಸಾಮಾನ್ಯರ ಕೈಯೂ ಜೀವ ಉಳಿಸುತ್ತದೆ.

ಮೂರನೆಯದು: "ಹೆಚ್ಚು ಜನರಿಗೆ ಸ್ಕ್ಯಾನಿಂಗ್ ಕಲಿಸಿದರೆ ಭ್ರೂಣಪತ್ತೆ ಹೆಚ್ಚುತ್ತದೆ." ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಎದೆಗೆ ಬೇಕಾದ್ದು ನೇರ ಮುಖದ, ಹೆಚ್ಚು ಕಂಪನದ ಪ್ರೋಬು. ಅದು ಮೇಲಿನ ಕೆಲವು ಅಂಗುಲವನ್ನಷ್ಟೇ ಚೆನ್ನಾಗಿ ತೋರಿಸುತ್ತದೆ. ಗರ್ಭವನ್ನು ನೋಡಲು ಬಳಸುವುದು ಬಾಗಿದ ಮುಖದ ಬೇರೆ ಪ್ರೋಬು. ಎದೆಯ ಪರೀಕ್ಷೆಯ ಯಂತ್ರಕ್ಕೆ ಆ ಒಂದು ಪ್ರೋಬನ್ನು ಮಾತ್ರ ಕೊಡಿ, ಸರ್ಕಾರಿ ಆಸ್ಪತ್ರೆಯ ಗೋಡೆಯೊಳಗೇ ಇಡಿ, ನೋಂದಣಿ ಮಾಡಿ, ಪ್ರತಿ ಪರೀಕ್ಷೆಯನ್ನೂ ದಾಖಲೆಯಲ್ಲಿ ಬರೆಯಿಸಿ. ಹೆಣ್ಣುಮಗುವನ್ನು ಉಳಿಸುವ ಕಾಯಿದೆಯ ಹೆಸರು ಹೇಳಿ ಅದರ ತಾಯಿಯನ್ನು ಸಾಯಲು ಬಿಡುವುದು ಯಾವ ನ್ಯಾಯ?

ನಾವು ಕೇಳುವುದು

ಕಾರ್ಮಿಕರು ಪುಕ್ಕಟೆ ಕೇಳುತ್ತಿಲ್ಲ. 1948ರಲ್ಲಿ ಇ.ಎಸ್.ಐ. ಕಾಯಿದೆ ಬಂತು, ಅದರಂತೆ ಪಗಾರದಲ್ಲಿ ಪಾಲು ಕೊಟ್ಟಿದ್ದೇವೆ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರು ರೂಪಾಯಿಗೆ ಕಾರ್ಮಿಕರದು 75 ಪೈಸೆ, ಮಾಲೀಕರದು 3 ರೂಪಾಯಿ 25 ಪೈಸೆ. ಸಣ್ಣ ವರ್ತಕರಿಗೆ ಆ ಆಸರೆಯೂ ಇಲ್ಲ. ಮನೆಯೊಡತಿಗೆ ಕಾಯಿಲೆ ಬಂದರೆ ಅಂಗಡಿಯ ಬಂಡವಾಳವೇ ಕರಗುತ್ತದೆ. ಆದ್ದರಿಂದ ಇಬ್ಬರೂ ಒಂದಾಗಿ ಕೇಳಬೇಕಾದ್ದು ಇದು:

1. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಎದೆಯ ಗಂಟಿಗೆಂದೇ ಮೀಸಲಾಗಲಿ. ಮುಟ್ಟಿ ನೋಡುವುದು, ಸ್ಕ್ಯಾನಿಂಗ್, ಬೇಕಾದರೆ ಸೂಜಿ, ಮೂರೂ ಅದೇ ದಿನ, ಅದೇ ಕಡೆ ಆಗಲಿ.

2. ತಾಲೂಕು ಆಸ್ಪತ್ರೆಗಳ ಶಸ್ತ್ರವೈದ್ಯರಿಗೂ ಸ್ತ್ರೀರೋಗ ವೈದ್ಯರಿಗೂ ಸರದಿಯಂತೆ ಸಂಬಳಸಹಿತ ರಜೆ ಕೊಟ್ಟು, ಶುಲ್ಕವಿಲ್ಲದೆ, ಬಲ್ಲವರ ಪಕ್ಕದಲ್ಲಿ ಕೂರಿಸಿ ಕನಿಷ್ಠ ನೂರು ಹೆಂಗಸರ ಪರೀಕ್ಷೆಯನ್ನು ಅವರ ಕೈಯಿಂದಲೇ ಮಾಡಿಸಬೇಕು. ಸೂಜಿಯ ಫಲಿತಾಂಶ ಬಂದಾಗ, ತಾವು ಬರೆದದ್ದು ಸರಿಯೋ ತಪ್ಪೋ ಎಂದು ಅವರೇ ತಾಳೆ ನೋಡಬೇಕು.

3. 2014ರ ಆರು ತಿಂಗಳ ಪಾಠಕ್ರಮಕ್ಕೆ ಎದೆಯ ಪರೀಕ್ಷೆಯನ್ನು ಸೇರಿಸಬೇಕು.

4. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮತ್ತು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸಾರ್ವಜನಿಕ ಕ್ಯಾನ್ಸರ್ ಆಸ್ಪತ್ರೆಗಳ ತಜ್ಞರು ಜಿಲ್ಲೆಗಳಿಗೆ ಬಂದು ಕಲಿಸಬೇಕು. ಅನುಮಾನದ ಚಿತ್ರಗಳನ್ನು ಎರಡನೆಯ ಬಾರಿ ಅವರೇ ನೋಡಿ ಹೇಳಬೇಕು.

5. ರಿಪೋರ್ಟು ಕನ್ನಡದಲ್ಲಿ ಇರಬೇಕು. ಗಂಟು ಎಲ್ಲಿದೆ, ಎಷ್ಟಿದೆ, ಕಂಕುಳು ಹೇಗಿದೆ, ದರ್ಜೆ ಯಾವುದು, ಮುಂದೆ ಎಲ್ಲಿಗೆ ಯಾವ ದಿನದೊಳಗೆ ಹೋಗಬೇಕು ಎಂಬ ಐದು ಮಾತು ಅದರಲ್ಲಿರಬೇಕು. ಯಾರ ದೇಹವೋ ಅವರಿಗೆ ತಿಳಿಯದ ಭಾಷೆಯಲ್ಲಿ ತೀರ್ಪು ಬರೆಯುವುದು ದೊರೆತನದ ಲಕ್ಷಣ.

6. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮ, ಹೆಂಗಸು ಗಂಟನ್ನು ತೋರಿಸಿಕೊಂಡ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕೆನ್ನುತ್ತದೆ. ತಿಂಗಳಿಗೆ ಎಷ್ಟು ಗಂಟು ಬಂದವು, ಎಷ್ಟು ದಿನದಲ್ಲಿ ಉತ್ತರ ಸಿಕ್ಕಿತು ಎಂಬ ಲೆಕ್ಕವನ್ನು ಪ್ರತಿ ಆಸ್ಪತ್ರೆಯೂ ಬೋರ್ಡಿನ ಮೇಲೆ ಬರೆಯಬೇಕು.

7. ಪರೀಕ್ಷೆಯ ದಿನ ಹೆಣ್ಣಾಳಿನ ಪಗಾರ ಕಡಿಯಕೂಡದು.

ಇವು ತಾವಾಗಿ ಬರುವುದಿಲ್ಲ. ಯೂನಿಯನ್ನಿನ ಮುಂದಿನ ಸಭೆಯಲ್ಲಿ ಬೋನಸ್ಸಿನ ಠರಾವಿನ ಜೊತೆಗೆ ಈ ಠರಾವೂ ಬರಲಿ. ವರ್ತಕರ ಸಂಘ ತನ್ನ ಮನವಿಪತ್ರದಲ್ಲಿ ತೆರಿಗೆಯ ಮಾತಿನ ಕೆಳಗೆ ಇದನ್ನೂ ಬರೆಯಲಿ. ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಗಂಡಸರು ಮಾತ್ರ ಹೋಗಬೇಡಿ. ತಾಯಂದಿರು, ಅಕ್ಕತಂಗಿಯರು ಮುಂದೆ ನಡೆಯಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಎದೆಯ ಗಂಟಿನ ಮೇಲೆ ಪ್ರೋಬು ಹಿಡಿಯಲು ಕಲಿತವರು ಎಷ್ಟು ಮಂದಿ? ಹೆಸರು ಹೇಳಿ, ದಿನ ಹೇಳಿ. ಉತ್ತರ ಬರುವ ತನಕ ಅಲ್ಲಿಂದ ಏಳಬೇಡಿ.

ಮತ್ತು ಈ ಪತ್ರಿಕೆಯನ್ನು ಓದಿ ಮುಗಿಸಿದ ಅಣ್ಣತಮ್ಮಂದಿರು ಇಂದು ರಾತ್ರಿ ಮನೆಯಲ್ಲಿ ಒಂದು ಮಾತು ಕೇಳಿ. ಗಂಟಿದೆ ಎಂದು ಹೇಳಲು ನಮ್ಮ ಹೆಂಗಸರು ನಾಲ್ಕು ತಿಂಗಳು ಕಾಯುತ್ತಿದ್ದರೆ, ಅದರಲ್ಲಿ ಸರ್ಕಾರದ ತಪ್ಪಿನ ಜೊತೆಗೆ ನಮ್ಮ ಪಾಲೂ ಇದೆ.